ಜಾರುವ ಟೈಲ್ಸ್ ಮೇಲೆ ಏನು ಹಾಕಿಸಬೇಕು?

ಟೈಲ್ಸ್ ಜಾರುತ್ತಿದೆ ಎಂದು ಮೇಸ್ತ್ರಿಗೆ ಹೇಳಿದರೆ ಸಿಗುವ ಉತ್ತರ ಒಂದೇ: ‘ಎಲ್ಲಾ ಒಡೆದು ಹೊಸದು ಹಾಕಿಬಿಡೋಣ.’ ಫ್ಲೋರಿಂಗ್ ಅಂಗಡಿಯಲ್ಲಿ ಕೇಳಿದರೆ ಅಲ್ಲೂ ಒಂದೇ ಉತ್ತರ: ‘ಇಡೀ ಮನೆಗೆ ಎಸ್‌ಪಿಸಿ ಹಾಕ್ಸಿಬಿಡಿ ಸಾರ್.’ (ಎಸ್‌ಪಿಸಿ ಅಂದರೆ ಟೈಲ್ಸ್ ಒಡೆಯದೆ ಅದರ ಮೇಲೇ ಹಾಸುವ ಗಟ್ಟಿ ಪ್ಲಾಸ್ಟಿಕ್ ಪಟ್ಟಿ.) ಇಬ್ಬರದೂ ಸುಳ್ಳಲ್ಲ. ಆದರೆ ಇಬ್ಬರೂ ಕೇಳದೆ ಬಿಟ್ಟ ಮಾತು ಒಂದಿದೆ. ನಿಮ್ಮ ಮನೆಯಲ್ಲಿ ಕಾಲು ಜಾರುವುದು ಎಲ್ಲಿ? ಅಲ್ಲಿ ನೆಲಕ್ಕೆ ಬೀಳುವುದು ಬರೀ ನೀರೋ, ಸೋಪಿನ ನೀರೋ, ಎಣ್ಣೆಯೋ?

ಇದಕ್ಕೆ ಉತ್ತರ ಕೋಣೆಯಿಂದ ಕೋಣೆಗೆ ಬೇರೆ. ಹಾಗಾಗಿ ಮನೆಗೆಲ್ಲ ಒಂದೇ ನೆಲ ಹುಡುಕುವುದು ದುಡ್ಡು ದಂಡ ಅನ್ನುವುದು ನನ್ನ ಅಭಿಪ್ರಾಯ. ಹಾಲಿಗೆ ಒಗ್ಗುವುದು ಬಚ್ಚಲಿಗೆ ಒಗ್ಗುವುದಿಲ್ಲ. ಬಚ್ಚಲಿಗೆ ಬೇಕಾದ ಒರಟು ಹಾಲಿನಲ್ಲಿದ್ದರೆ ದಿನಾ ನೆಲ ಒರೆಸುವವರ ಶಾಪ ತಪ್ಪಿದ್ದಲ್ಲ.

ದುಡ್ಡು ಬಿಚ್ಚುವ ಮೊದಲು ಒಮ್ಮೆ ತೊಳೆಯಿರಿ

ಹೊಳೆಯುವ ವಿಟ್ರಿಫೈಡ್ ಟೈಲ್ಸ್ ನೀರು ಕುಡಿಯುವುದೇ ಇಲ್ಲ ಎನ್ನಬಹುದು. ತನ್ನ ತೂಕದ 0.5 ಪರ್ಸೆಂಟ್‌ನಷ್ಟೂ ಹೀರುವುದಿಲ್ಲ. ಮೇಲ್ಭಾಗ ಬೇರೆ ಕನ್ನಡಿಯಷ್ಟು ನುಣುಪು. ಚೆಲ್ಲಿದ ನೀರಿಗೆ ಒಳಗೆ ಹೋಗಲೂ ದಾರಿಯಿಲ್ಲ, ಪಕ್ಕಕ್ಕೆ ಸರಿಯಲೂ ಸಂದಿಲ್ಲ. ಪಾದದ ಅಡಿಯಲ್ಲಿ ತೆಳು ಪೊರೆಯಾಗಿ ನಿಂತುಬಿಡುತ್ತದೆ. ನಾವು ಜಾರುವುದು ಆ ಪೊರೆಯ ಮೇಲೆ. ಒಣಗಿದ್ದಾಗ ಅದೇ ಟೈಲ್ಸ್ ಮೇಲೆ ಬರಿಗಾಲಲ್ಲಿ ಮಕ್ಕಳು ಓಡಿದರೂ ಏನೂ ಆಗುವುದಿಲ್ಲ, ಅಲ್ವಾ?

ಒಣಗಿದ್ದಾಗಲೂ ಜಾರುತ್ತಿದ್ದರೆ ತಪ್ಪು ಟೈಲ್ಸ್‌ನದ್ದಲ್ಲದೆ ಇರಬಹುದು. ಬಕೆಟ್‌ಗೆ ಒಂದು ಮುಚ್ಚಳ ಹಾಕಬೇಕಾದ ಕ್ಲೀನರನ್ನು ಮೂರು ಮುಚ್ಚಳ ಸುರಿದು, ಆಮೇಲೆ ಬರೀ ನೀರಲ್ಲಿ ಒರೆಸದೆ ಬಿಟ್ಟರೆ ಸೋಪಿನ ಜಿಡ್ಡು ದಿನದಿಂದ ದಿನಕ್ಕೆ ಕೂರುತ್ತದೆ. ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ. ಬಿಸಿ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ, ಬ್ರಷ್‌ನಲ್ಲಿ ಉಜ್ಜಿ, ಎರಡು ಸಲ ಬರೀ ನೀರಲ್ಲಿ ಒರೆಸಿ, ಒಣಗಲು ಬಿಡಿ. ಆಮೇಲೆ ಗೋಡೆ ಹಿಡಿದುಕೊಂಡು ಆ ಜಾಗದಲ್ಲಿ ಒಮ್ಮೆ, ಪಕ್ಕದ ಜಾಗದಲ್ಲಿ ಒಮ್ಮೆ ಹಿಮ್ಮಡಿ ಉಜ್ಜಿ ನೋಡಿ. ವ್ಯತ್ಯಾಸ ಗೊತ್ತಾದರೆ ಹಾಲ್, ಬೆಡ್‌ರೂಮಿನ ಸಮಸ್ಯೆ ಅಲ್ಲಿಗೇ ಮುಗಿದಂತೆ.

ಇನ್ನೊಬ್ಬ ಕಳ್ಳ ಇದ್ದಾನೆ: ಬಟ್ಟೆಯ ಕಾಲೊರಸು. ಹಳೇ ಸೀರೆಯಲ್ಲಿ ಹೆಣೆದದ್ದೋ, ಸಂತೆಯಲ್ಲಿ ತಂದದ್ದೋ, ಬಚ್ಚಲ ಬಾಗಿಲಿಗೆ ಹಾಸಿರುತ್ತೇವೆ. ಪಾಲಿಶ್ ಟೈಲ್ಸ್ ಮೇಲೆ ಅದು ಕಾಲಿಟ್ಟ ತಕ್ಷಣ ಸರಿಯುತ್ತದೆ. ಅದನ್ನು ತೆಗೆದು ರಬ್ಬರ್ ತಳದ್ದು ತನ್ನಿ, ಇಲ್ಲವೇ ಅಡಿಯಲ್ಲಿ ರಬ್ಬರ್ ಬಲೆ ಹಾಕಿ. ಇಡೀ ಲೇಖನದಲ್ಲಿ ಇದಕ್ಕಿಂತ ಅಗ್ಗದ ಸಲಹೆ ಇಲ್ಲ.

‘ಆರ್’ ನಂಬರ್ ಏನು ಹೇಳುತ್ತದೆ

ಆ್ಯಂಟಿ-ಸ್ಕಿಡ್ ಎಂದು ಡಬ್ಬದ ಮೇಲೆ ಯಾರು ಬೇಕಾದರೂ ಬರೆಯಬಹುದು. ಅದಕ್ಕೊಂದು ಅಳತೆ ಇದೆ, ಅದನ್ನು ಕೇಳಿ. ಜರ್ಮನಿಯ ಪರೀಕ್ಷೆಯೊಂದರಲ್ಲಿ ಇಳಿಜಾರು ಹಲಗೆಗೆ ಆ ನೆಲ ಹಾಕಿ, ಮೇಲೆ ಎಣ್ಣೆ ಸವರಿ, ಶೂ ಹಾಕಿದವರನ್ನು ನಡೆಸುತ್ತಾರೆ. ಹಲಗೆಯನ್ನು ನಿಧಾನಕ್ಕೆ ಎತ್ತುತ್ತಾ ಹೋಗುತ್ತಾರೆ. 6ರಿಂದ 10 ಡಿಗ್ರಿಯೊಳಗೆ ಕಾಲು ಜಾರಿದರೆ ಆರ್9, 10ರಿಂದ 19ರೊಳಗೆ ಆರ್10, 19ರಿಂದ 27ರೊಳಗೆ ಆರ್11. ಹೀಗೆ ಆರ್13ರವರೆಗೆ ಹೋಗುತ್ತದೆ. ಅಂದರೆ ಆರ್9 ಅಂದರೆ ‘ತುಂಬಾ ಒಳ್ಳೇದು’ ಅಂತಲ್ಲ. ಅದು ಪಾಸಾದವರಲ್ಲಿ ಕಟ್ಟಕಡೆಯದು.

ನಾವು ಮನೆಯಲ್ಲಿ ಶೂ ಹಾಕುವವರಲ್ಲ. ಬರಿಗಾಲು ಮತ್ತು ಸೋಪಿನ ನೀರಿಗೆ ಬೇರೆ ಪರೀಕ್ಷೆ ಇದೆ, ಅದರಲ್ಲಿ ಎ, ಬಿ, ಸಿ ಎಂದು ದರ್ಜೆ. ಎ ಗೆ 12 ಡಿಗ್ರಿ, ಬಿ ಗೆ 18, ಸಿ ಗೆ 24. ಸ್ನಾನದ ಜಾಗಕ್ಕೆ ಬಿ ಅಥವಾ ಅದಕ್ಕಿಂತ ಮೇಲಿನದು ಬೇಕು. ಅಂಗಡಿಯವರಿಗೆ ಈ ದರ್ಜೆ ಗೊತ್ತಿರದಿದ್ದರೆ ಕೊನೇಪಕ್ಷ ಆರ್ ನಂಬರ್ ಕೇಳಿ: ಹಾಲಿಗೆ ಆರ್10 ಸಾಕು, ಬಚ್ಚಲು ಮತ್ತು ಯುಟಿಲಿಟಿಗೆ ಆರ್11.

ವಿನೈಲ್ ಶೀಟಾ, ಎಸ್‌ಪಿಸಿನಾ?

ಹೆಚ್ಚಿನವರ ತಲೆಬಿಸಿ ಇರುವುದು ಇಲ್ಲೇ. ಎರಡರಲ್ಲೂ ಇರುವುದು ಪಿವಿಸಿ ಅನ್ನುವ ಪ್ಲಾಸ್ಟಿಕ್. ಶೀಟ್ ಸುರುಳಿಯಾಗಿ ಬರುತ್ತದೆ, ಅಗಲ ಸಾಮಾನ್ಯವಾಗಿ 2 ಮೀಟರ್. ಎಸ್‌ಪಿಸಿ ಅಂದರೆ ಸುಣ್ಣಕಲ್ಲಿನ ಪುಡಿಯನ್ನು ಪಿವಿಸಿ ಜೊತೆ ಕಲಸಿ ಮಾಡಿದ ಗಟ್ಟಿ ಪಟ್ಟಿ. ಸುಮಾರು ನಾಲ್ಕು ಅಡಿ ಉದ್ದ, ಏಳು ಇಂಚು ಅಗಲ, 4ರಿಂದ 6 ಮಿಲಿಮೀಟರ್ ದಪ್ಪ. ಒಂದಕ್ಕೊಂದು ಕಚ್ಚಿಕೊಳ್ಳುವ ಕ್ಲಿಕ್ ಲಾಕ್ ಇರುತ್ತದೆ, ಗಮ್ ಬೇಡ.

ಮೊದಲು ಅಗ್ಗದ ಶೀಟಿನ ಮಾತು. ಅರ್ಧ, ಒಂದು ಮಿಲಿಮೀಟರ್ ದಪ್ಪದ್ದು ತೀರಾ ಕಡಿಮೆ ಬೆಲೆಗೆ ಸಿಗುತ್ತದೆ. ಟೈಲ್ಸ್ ಮೇಲೆ ಸುಮ್ನೆ ಹಾಸಿ ಅಂಚಿಗೆ ಟೇಪ್ ಹಾಕಿದರೆ ಆಯಿತು ಎನ್ನುತ್ತಾರೆ. ಕೆಲವು ತಿಂಗಳಲ್ಲಿ ಅಡಿಯಲ್ಲಿರುವ ಟೈಲ್ಸ್‌ನ ಪ್ರತಿ ಜಾಯಿಂಟೂ ಮೇಲೆ ಗೆರೆಯಾಗಿ ಮೂಡುತ್ತದೆ. ಅದಾದರೂ ಸಹಿಸಬಹುದು. ಆದರೆ ಅಂಚು ಮೇಲಕ್ಕೆ ಸುರುಳಿಯಾಗುತ್ತದೆ. ಕಾಲು ಎಳೆದು ನಡೆಯುವ ಅಜ್ಜಿಯ ಹೆಬ್ಬೆರಳಿಗೆ ಆ ಅಂಚು ಸಿಕ್ಕಿದರೆ ಮುಗಿಯಿತು. ಜಾರುವುದನ್ನು ತಪ್ಪಿಸಲು ಹೋಗಿ ಎಡವುವ ವ್ಯವಸ್ಥೆ ಮಾಡಿದ ಹಾಗೆ. ಬಾಡಿಗೆ ಮನೆಗೂ ನಾನು ಇದನ್ನು ಹೇಳುವುದಿಲ್ಲ.

ಸರಿಯಾದ ಶೀಟ್ ಅಂದರೆ 2 ಮಿಲಿಮೀಟರ್ ದಪ್ಪದ್ದು. ಮೊದಲು ಟೈಲ್ಸ್ ಸಂದುಗಳನ್ನು ಲೆವೆಲಿಂಗ್ ಪೇಸ್ಟ್‌ನಿಂದ ತುಂಬಿ, ಒಣಗಿಸಿ, ಉಜ್ಜಿ ಸಮ ಮಾಡಿ, ಆಮೇಲೆ ಪೂರ್ತಿ ಗಮ್ ಹಾಕಿ ಅಂಟಿಸಬೇಕು. ಜಾಯಿಂಟ್ ಬಂದರೆ ಬಿಸಿ ಗಾಳಿಯಲ್ಲಿ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಬೆಸೆಯುತ್ತಾರೆ. ಆಸ್ಪತ್ರೆಯ ವಾರ್ಡುಗಳಲ್ಲಿ ನೆಲದಿಂದ ಗೋಡೆಗೆ ನಾಲ್ಕಿಂಚು ಹತ್ತಿರುವ ಹಸಿರೋ ನೀಲಿಯೋ ಶೀಟ್ ನೋಡಿರುತ್ತೀರಲ್ಲ, ಅದೇ ಕೆಲಸ. ಇದರಲ್ಲೇ ಇನ್ನೊಂದು ಜಾತಿ ಇದೆ, ಸೇಫ್ಟಿ ವಿನೈಲ್. ಅದರೊಳಗೆ ಗಟ್ಟಿ ಖನಿಜದ ಹರಳುಗಳನ್ನು ಸೇರಿಸಿರುತ್ತಾರೆ. ಹೊಸ ಬಸ್ಸುಗಳ ನೆಲ ಬೆಳಕಿಗೆ ಮಿಣಿಮಿಣಿ ಅನ್ನುವುದು ಈ ಹರಳಿನಿಂದಲೇ. ಒದ್ದೆಯಾದರೂ ಹಿಡಿತ ಬಿಡುವುದಿಲ್ಲ, ಏಕೆಂದರೆ ಮೇಲಿನ ಪದರ ಸವೆದರೂ ಒಳಗಿನ ಹರಳು ಮೇಲೆ ಬರುತ್ತದೆ. ಮನೆ ಸಾಮಾನಿನ ಅಂಗಡಿಯಲ್ಲಿ ಇದನ್ನು ಇಟ್ಟಿರುವುದು ಅಪರೂಪ. ಆಸ್ಪತ್ರೆ, ಆಫೀಸುಗಳಿಗೆ ಫ್ಲೋರಿಂಗ್ ಹಾಕುವವರನ್ನು ಕೇಳಬೇಕು.

ಎಸ್‌ಪಿಸಿಯ ದೊಡ್ಡ ಅನುಕೂಲ ಅಂದರೆ ಅದು ಗಟ್ಟಿ. ಅಡಿಯಲ್ಲಿ ಒಂದೂವರೆ ಮಿಲಿಮೀಟರ್ ಫೋಮ್ ಇರುವುದರಿಂದ ಸಣ್ಣ ಟೈಲ್ಸ್ ಸಂದು ಮೇಲೆ ಕಾಣಿಸುವುದಿಲ್ಲ. ಟೈಲ್ಸ್ ಒಡೆಯಬೇಕಿಲ್ಲ, ದೂಳಿಲ್ಲ, ಮನೆಯವರು ಮನೆಯಲ್ಲೇ ಇರಬಹುದು. ಮರದ ಪುಡಿ ಇಲ್ಲದ ಕಾರಣ ಗೆದ್ದಲಿನ ಭಯವೂ ಇಲ್ಲ. ನಾಳೆ ಮನೆ ಬದಲಿಸಿದರೆ ಬಿಚ್ಚಿಕೊಂಡು ಹೋಗಬಹುದು, ಅಡಿಯ ಟೈಲ್ಸ್ ಇದ್ದ ಹಾಗೇ ಇರುತ್ತದೆ. ಬೆಲೆ ಚದರಡಿಗೆ ಸುಮಾರು ನೂರರಿಂದ ಇನ್ನೂರು ರೂಪಾಯಿ ಅಂದುಕೊಳ್ಳಿ. ಊರು, ದಪ್ಪ, ಕಂಪನಿ ನೋಡಿ ಬದಲಾಗುತ್ತದೆ. 12ಕ್ಕೆ 15 ಅಡಿಯ ಹಾಲ್ ಅಂದರೆ 180 ಚದರಡಿ. ಕತ್ತರಿಸಿ ಹಾಳಾಗುವುದಕ್ಕೆ ಹತ್ತು ಪರ್ಸೆಂಟ್ ಸೇರಿಸಿ 200ಕ್ಕೆ ಆರ್ಡರ್ ಕೊಡಿ.

ಇನ್ನು ಅಂಗಡಿಯವರು ಹೇಳದೆ ಬಿಡುವುದು. ‘ವಾಟರ್‌ಪ್ರೂಫ್’ ಅನ್ನುವುದು ಪಟ್ಟಿಗೆ ಮಾತ್ರ. ಪಟ್ಟಿ ನೀರಲ್ಲಿ ಉಬ್ಬುವುದಿಲ್ಲ, ನಿಜ. ಆದರೆ ಜಾಯಿಂಟಿನಲ್ಲಿ, ಗೋಡೆ ಪಕ್ಕದ ಸಂದಿನಲ್ಲಿ ನೀರು ಇಳಿದರೆ ಅಡಿಯಲ್ಲಿರುವ ಟೈಲ್ಸ್ ಮೇಲೆ ನಿಲ್ಲುತ್ತದೆ. ಅಲ್ಲಿಂದ ಆರಿಹೋಗಲು ದಾರಿಯಿಲ್ಲ. ಕೆಲವೇ ದಿನದಲ್ಲಿ ಮುಗ್ಗಲು ವಾಸನೆ. ಹಬ್ಬಕ್ಕೆ ಬಕೆಟ್ ನೀರು ಸುರಿದು, ಪೊರಕೆಯಲ್ಲಿ ತಳ್ಳಿ ಮನೆ ತೊಳೆಯುವ ಅಭ್ಯಾಸ ಇದ್ದರೆ ಎಸ್‌ಪಿಸಿ ಹಾಕಿಸಬೇಡಿ. ಅಥವಾ ಆ ಅಭ್ಯಾಸ ಬಿಡಿ. ಅಮ್ಮಂದಿರು ಯಾವುದಕ್ಕೆ ಒಪ್ಪುತ್ತಾರೆ ಅಂತ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಎರಡನೆಯದು, ಇದು ನೆಲಕ್ಕೆ ಅಂಟದೆ ತೇಲುವ ಹಾಸು. ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಗೋಡೆ ಸುತ್ತ 8ರಿಂದ 10 ಮಿಲಿಮೀಟರ್ ಜಾಗ ಬಿಡಲೇಬೇಕು. ಅದನ್ನು ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿ, ಅಂದರೆ ಬೀಡಿಂಗ್, ಮುಚ್ಚುತ್ತದೆ. ಜಾಗ ಬಿಡದೆ ಗೋಡೆಗೆ ಒತ್ತಿ ಹಾಕಿದರೆ ಬೇಸಿಗೆಯಲ್ಲಿ ನಡುವೆ ಗುಬುಟು ಏಳುತ್ತದೆ. ಹಾಗೆಯೇ ಬಟ್ಟೆ ತುಂಬಿದ ಕಬ್ಬಿಣದ ಬೀರುವನ್ನು ಇದರ ಮೇಲೆ ತಂದು ಕೂರಿಸಿದರೆ ಆ ಕಡೆ ಹಾಸು ಅಲುಗಾಡದಂತಾಗಿ ಇನ್ನೊಂದು ಕಡೆ ಜಾಯಿಂಟ್ ಬಾಯಿಬಿಡಬಹುದು. ಬೀರು ಇದ್ದಲ್ಲೇ ಇರಲಿ, ಅದರ ಸುತ್ತ ಹಾಕಲು ಹೇಳಿ.

ಮೂರನೆಯದು ಮುಖ್ಯ: ಎಸ್‌ಪಿಸಿ ಎಲ್ಲವೂ ಜಾರದ ನೆಲ ಅಲ್ಲ. ಮರದ ಗೆರೆಯ ಚಿತ್ರ ಬರೀ ಪ್ರಿಂಟ್ ಆಗಿರಬಹುದು, ಮೇಲ್ಭಾಗ ನುಣ್ಣಗೆ ಇರಬಹುದು. ಕಣ್ಣುಮುಚ್ಚಿ ಬೆರಳು ಸವರಿ. ಗೆರೆಗಳು ಬೆರಳಿಗೆ ಸಿಗಬೇಕು. ಜೊತೆಗೆ ಮೇಲಿನ ಸವೆತದ ಪದರ ಎಷ್ಟು ಎಂದು ಕೇಳಿ. ಮನೆಗೆ 0.3 ಮಿಲಿಮೀಟರ್ ನಡೆಯುತ್ತದೆ, 0.5 ಇದ್ದರೆ ನಿಶ್ಚಿಂತೆ.

ಹಾಗಾದರೆ ನನ್ನ ಆಯ್ಕೆ? ವಯಸ್ಸಾದವರು ಮಲಗುವ ಕೋಣೆ ಮತ್ತು ಹಾಲಿಗೆ ಎಸ್‌ಪಿಸಿ. ಅಡುಗೆಮನೆಗೆ ಮಾತ್ರ ಒಳ್ಳೆಯ ಶೀಟ್. ಕಾರಣ ಸರಳ. ನಮ್ಮ ಅಡುಗೆಮನೆಗಳಲ್ಲಿ ಓಡಾಡುವ ಜಾಗದ ಅಗಲ ಐದಾರು ಅಡಿ ಇದ್ದರೆ ಹೆಚ್ಚು. 2 ಮೀಟರ್ ಅಂದರೆ ಆರೂವರೆ ಅಡಿ. ಒಂದೇ ತುಂಡಿನಲ್ಲಿ ಕೆಲಸ ಮುಗಿಯುತ್ತದೆ, ಜಾಯಿಂಟೇ ಇಲ್ಲ. ಸಿಂಕ್ ಪಕ್ಕ ನೀರು ಚೆಲ್ಲಿದರೂ ಇಳಿಯಲು ಸಂದಿಲ್ಲ. ಎಣ್ಣೆ ಚೆಲ್ಲಿದರೆ ಮಾತ್ರ ಈ ಶೀಟನ್ನೂ ನಂಬಬೇಡಿ. ಮೊದಲು ಹಳೇ ಪೇಪರ್‌ನಲ್ಲಿ ಒತ್ತಿ ತೆಗೆದು, ಆಮೇಲೆ ಸೋಪು ಹಾಕಿ. ನೇರವಾಗಿ ಒದ್ದೆ ಮಾಪ್ ಎಳೆದರೆ ಒಂದಡಿ ಇದ್ದ ಎಣ್ಣೆ ಆರಡಿಗೆ ಹರಡುತ್ತದೆ.

ಶೀಟಿಗೂ ಶತ್ರುಗಳಿದ್ದಾರೆ. ಅರಿಶಿನ ಬಿದ್ದು ರಾತ್ರಿಯಿಡೀ ಕೂತರೆ ಕಲೆ ಉಳಿಯುತ್ತದೆ. ಒಲೆಯಿಂದ ಇಳಿಸಿದ ಕುಕ್ಕರ್ ನೆಲಕ್ಕಿಟ್ಟರೆ ಗುಂಡನೆ ಗುರುತು ಖಾಯಂ. ಕಪ್ಪು ರಬ್ಬರ್ ಮ್ಯಾಟ್ ಬಹಳ ದಿನ ಹಾಸಿದ್ದರೆ ಹಳದಿ ಕಲೆ ಬಿಡುತ್ತದೆ. ದೇವರ ಮನೆಗೆ ಶೀಟೂ ಬೇಡ, ಎಸ್‌ಪಿಸಿಯೂ ಬೇಡ. ದೀಪ, ಧೂಪದ ಕೆಂಡ, ಕರ್ಪೂರ ಇರುವಲ್ಲಿ ಪ್ಲಾಸ್ಟಿಕ್ ನೆಲ ಯಾಕೆ? ಅಲ್ಲಿ ದೀಪದ ಕೆಳಗೆ ಅಗಲ ತಟ್ಟೆ ಇಟ್ಟರೆ ಎಣ್ಣೆ ನೆಲಕ್ಕೆ ಬರುವುದೇ ಇಲ್ಲ.

ನೆಲಮಾಳಿಗೆ ಇಲ್ಲದ, ನೇರ ಮಣ್ಣಿನ ಮೇಲೆ ಕೂತ ಮನೆ ಅಥವಾ ಮಲೆನಾಡು, ಕರಾವಳಿಯ ಮನೆಯಾದರೆ ಇನ್ನೊಂದು ಪರೀಕ್ಷೆ ಮಾಡಿ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಎರಡು ದಿನ ಬಿಡಿ. ಒಳಗೆ ನೀರಿನ ಹನಿ ಕಂಡರೆ ಅಡಿಯಿಂದ ತೇವ ಏರುತ್ತಿದೆ. ಆ ತೇವ ಸಾಮಾನ್ಯವಾಗಿ ಟೈಲ್ಸ್ ಸಂದಿನಿಂದ ಬರುತ್ತದೆ. ಅಲ್ಲಿ ಗಮ್ ಹಾಕಿದ ಶೀಟ್ ನಿಲ್ಲುವುದಿಲ್ಲ.

ಲ್ಯಾಮಿನೇಟ್, ಕಾರ್ಪೆಟ್, ರೆಡ್ ಆಕ್ಸೈಡ್

ಲ್ಯಾಮಿನೇಟ್ ಮರದ ಪುಡಿಯನ್ನು ಒತ್ತಿ ಮಾಡಿದ್ದು. ನೀರು ಒಳಗಿಳಿದರೆ ಅಂಚು ಉಬ್ಬುತ್ತದೆ. ನಮ್ಮ ಒದ್ದೆ ಬಟ್ಟೆಯ ಒರೆಸುವಿಕೆಗೆ ಆಗುವುದಲ್ಲ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿದರೆ ಜಾರುವುದಿಲ್ಲ, ನಿಜ. ಆದರೆ ದೂಳು ಮತ್ತು ಮಳೆಗಾಲದ ತೇವ ಎರಡೂ ಇರುವ ಊರಿನಲ್ಲಿ ಅದನ್ನು ಸಾಕುವುದು ಕಷ್ಟ.

‘ಹಳೇ ಕಾಲದ ರೆಡ್ ಆಕ್ಸೈಡ್ ನೆಲವೇ ಚೆನ್ನಾಗಿತ್ತು, ಅದನ್ನೇ ಹಾಕಿಸೋಣ’ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ತಂಪಿಗೆ ಸರಿಸಾಟಿ ಇಲ್ಲ, ಒಪ್ಪಿದೆ. ಆದರೆ ವರ್ಷಗಟ್ಟಲೆ ಎಣ್ಣೆ ಒರೆಸಿ ಮಿರುಗಿಸಿದ ಆ ನೆಲವೂ ಒದ್ದೆಯಾದರೆ ಚೆನ್ನಾಗೇ ಜಾರುತ್ತಿತ್ತು. ಮತ್ತೆ, ಪಾಲಿಶ್ ಟೈಲ್ಸ್ ಮೇಲೆ ತೆಳ್ಳಗೆ ಸಿಮೆಂಟ್ ಬಳಿದರೆ ಅದು ಹಿಡಿಯುವುದಿಲ್ಲ. ಟೈಲ್ಸ್ ಕಿತ್ತೇ ಮಾಡಬೇಕು.

ಬಚ್ಚಲುಮನೆ: ಇಲ್ಲಿ ಶೀಟ್, ಎಸ್‌ಪಿಸಿ ಬೇಡ

ದುಡ್ಡು ಕಡಿಮೆ ಇದ್ದರೆ ಮೊದಲು ಸರಿಮಾಡಬೇಕಾದದ್ದು ಇದು. ನೀರು, ಸೋಪು, ಯುಗಾದಿ ದೀಪಾವಳಿಗೆ ಎಣ್ಣೆ ಸ್ನಾನ, ಎಲ್ಲವೂ ಬರಿಗಾಲಿನ ಕೆಳಗೆ. ಇಲ್ಲಿ ಮೂರು ದಾರಿ.

ಒಂದು, ಟೈಲ್ಸ್ ಮೇಲೆ ಟೈಲ್ಸ್. ಒಡೆಯದೆ ಹಾಕಬಹುದು, ಆದರೆ ಮಾಮೂಲಿ ಸಿಮೆಂಟ್ ಗಾರೆಯಲ್ಲಿ ಅಲ್ಲ. ಟೈಲ್ಸ್ ಮೇಲೆ ಟೈಲ್ಸ್ ಅಂಟಿಸಲೆಂದೇ ಬರುವ ಪಾಲಿಮರ್ ಸೇರಿದ ಅಂಟು ಬೇಕು. ಮೊದಲು ಹಳೇ ಟೈಲ್ಸನ್ನೆಲ್ಲ ನಾಣ್ಯದಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದದ್ದನ್ನು ಕಿತ್ತು ತುಂಬಬೇಕು. ಒರಟು ಮ್ಯಾಟ್ ಫಿನಿಶ್‌ನ ಸಣ್ಣ ಟೈಲ್ಸ್ ಆರಿಸಿ. ಒಂದಡಿ ಚೌಕ, ಇನ್ನೂ ಚಿಕ್ಕದಾದರೆ ಇನ್ನೂ ಒಳ್ಳೆಯದು. ಸಂದು ಜಾಸ್ತಿ ಇದ್ದಷ್ಟೂ ನೀರಿಗೆ ಸರಿಯಲು ಜಾಗ, ಪಾದಕ್ಕೆ ಹಿಡಿತ. ಎರಡಡಿಗೆ ನಾಲ್ಕಡಿಯ ಹಲಗೆಯಂಥ ಟೈಲ್ಸ್ ಬಚ್ಚಲಲ್ಲಿ ಚಂದ ಕಾಣಬಹುದು, ಆದರೆ ನೀರು ಹರಿದುಹೋಗಲು ವಾಟ (ಇಳಿಜಾರು) ಕೊಡುವುದೇ ಕಷ್ಟ.

ಎಡವಟ್ಟಾಗುವುದು ಎತ್ತರದಲ್ಲಿ. ಟೈಲ್ಸ್ ಮತ್ತು ಅಂಟು ಸೇರಿ ನೆಲ 12ರಿಂದ 15 ಮಿಲಿಮೀಟರ್ ಏರುತ್ತದೆ. ಬಚ್ಚಲು ಹೊರಗಿನ ನೆಲಕ್ಕಿಂತ ಎಷ್ಟು ತಗ್ಗಿದೆ ಎಂದು ಮೊದಲೇ ಅಳೆಯಿರಿ. ಒಂದಿಂಚಿನಷ್ಟಾದರೂ ಇದ್ದರೆ ಧೈರ್ಯವಾಗಿ ಮಾಡಿಸಿ. ಅರ್ಧ ಇಂಚೂ ಇಲ್ಲದಿದ್ದರೆ ಸ್ನಾನದ ನೀರು ಬೆಡ್‌ರೂಮಿಗೆ ಬರುತ್ತದೆ. ಆಗ ಒಡೆಯುವುದೇ ಸರಿ. ನೀರು ಹೋಗುವ ಜಾಲರಿಯನ್ನೂ ಹೊಸ ಮಟ್ಟಕ್ಕೆ ಎತ್ತಿಸಬೇಕು, ಇಲ್ಲದಿದ್ದರೆ ಅಲ್ಲೊಂದು ಗುಳಿ ಉಳಿಯುತ್ತದೆ.

ಎರಡು, ಇರುವ ಟೈಲ್ಸನ್ನೇ ಒರಟು ಮಾಡುವುದು. ಆ್ಯಂಟಿ-ಸ್ಲಿಪ್ ಟ್ರೀಟ್‌ಮೆಂಟ್ ಹೆಸರಿನಲ್ಲಿ ಬರುವ ಕೆಲವು ದ್ರವಗಳು ಟೈಲ್ಸ್ ಮೇಲಿನ ಗಾಜಿನಂಥ ಪದರವನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕೊರೆಯುತ್ತವೆ. ಎತ್ತರ ಏರುವುದಿಲ್ಲ, ಅರ್ಧ ದಿನದ ಕೆಲಸ. ಹೊಳಪು ಸ್ವಲ್ಪ ಮಂಕಾಗುತ್ತದೆ. ಎತ್ತರ ಏರಿಸಲಾಗದ ಬಚ್ಚಲಿಗೆ ನಾನು ಹೇಳುವುದು ಇದನ್ನೇ. ಆದರೆ ಇವುಗಳಲ್ಲಿ ಹಲವು ಫ್ಲೋರಿನ್ ಸೇರಿದ ಆಸಿಡ್. ಚರ್ಮದ ಮೂಲಕ ಒಳಗಿಳಿದು ಎಲುಬಿನವರೆಗೂ ತೊಂದರೆ ಕೊಡುವಂಥದ್ದು. ಆನ್‌ಲೈನ್‌ನಲ್ಲಿ ಬಾಟಲಿ ತರಿಸಿ ಸ್ವಂತ ಮಾಡಲು ಹೋಗಬೇಡಿ, ಗೊತ್ತಿದ್ದವರಿಂದ ಮಾಡಿಸಿ. ಬಚ್ಚಲು ತೊಳೆಯುವ ಆಸಿಡ್ ಸುರಿದರೆ ಟೈಲ್ಸ್ ಒರಟಾಗುತ್ತದೆ ಅನ್ನುವ ನಂಬಿಕೆಯೂ ಇದೆ. ಅದು ಟೈಲ್ಸನ್ನು ಬಿಟ್ಟು ಸಂದಿನ ಸಿಮೆಂಟನ್ನು ತಿನ್ನುತ್ತದೆ. ಆಮೇಲೆ ಕೆಳಗಿನ ಮನೆಯ ಚಾವಣಿಗೆ ಸೋರಿಕೆ.

ಇದರಲ್ಲೇ ಮರಳಿನಂಥ ಕಾಳು ಬೆರೆಸಿದ ಪಾರದರ್ಶಕ ಕೋಟಿಂಗ್ ಕೂಡ ಇದೆ. ಓಡಾಡುವ ದಾರಿಯಲ್ಲಿ ಮೊದಲು ಸವೆದು ತೇಪೆ ತೇಪೆಯಾಗುತ್ತದೆ. ಬಚ್ಚಲಿಗಿಂತ ಮೆಟ್ಟಿಲಿಗೆ ಇದು ವಾಸಿ.

ಮೂರು, ಮ್ಯಾಟ್. ಬಾಡಿಗೆ ಮನೆಯವರಿಗೆ ಇದೇ ಗತಿ, ಕೆಟ್ಟದ್ದೇನಲ್ಲ. ತೂತಿರುವ, ನೀರು ಕೆಳಗಿಳಿಯುವ ಪಿವಿಸಿ ಮ್ಯಾಟ್ ತನ್ನಿ. ಅಡಿಯಲ್ಲಿ ಹೀರುಬಟ್ಟಲಿರುವ ಮ್ಯಾಟ್ ನುಣುಪು ಟೈಲ್ಸ್‌ಗೆ ಗಟ್ಟಿಯಾಗಿ ಕಚ್ಚುತ್ತದೆ, ಒರಟು ಟೈಲ್ಸ್‌ಗೂ ಸಂದು ಜಾಸ್ತಿ ಇರುವಲ್ಲಿಗೂ ಕಚ್ಚುವುದಿಲ್ಲ. ಯಾವುದಾದರೂ ಸರಿ, ದಿನಾ ಎತ್ತಿ ಗೋಡೆಗೆ ಒರಗಿಸಿ ಒಣಗಿಸಬೇಕು. ಹಾಗೇ ಬಿಟ್ಟರೆ ಅಡಿಯಲ್ಲಿ ಲೋಳೆ ಕಟ್ಟಿ ಮ್ಯಾಟೇ ಜಾರಲು ಶುರುವಾಗುತ್ತದೆ.

ಹೊರಗಡೆ, ಮತ್ತು ಬಾಗಿಲುಗಳ ಲೆಕ್ಕ

ವರಾಂಡ, ಯುಟಿಲಿಟಿ, ಮಳೆ ಎರಚುವ ಬಾಲ್ಕನಿಗೆ ಕಲ್ಲಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ದೇವನಹಳ್ಳಿ ಕಡೆಯ ಸಾದರಹಳ್ಳಿ ಗ್ರಾನೈಟನ್ನು ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ ಫ್ಲೇಮ್ಡ್ ಫಿನಿಶ್ ಸಿಗುತ್ತದೆ. ಕಲಬುರಗಿ ಕಡೆಯವರಿಗೆ ಶಹಾಬಾದ್ ಕಲ್ಲು ಮನೆಬಾಗಿಲಲ್ಲೇ ಇದೆ, ಪಾಲಿಶ್ ಹೊಡೆಸದಿದ್ದರೆ ಅದೂ ಚೆನ್ನಾಗಿ ಹಿಡಿಯುತ್ತದೆ. ಎರಡೂ ಭಾರ ಮತ್ತು ದಪ್ಪ, ಆದ್ದರಿಂದ ಮಹಡಿಯ ಬಾಲ್ಕನಿಗೆ ಹಾಕುವ ಮೊದಲು ಎಂಜಿನಿಯರನ್ನು ಒಂದು ಮಾತು ಕೇಳಿ.

ಯಾವುದೇ ಹಾಸು ಹಾಕಿಸುವ ಮೊದಲು ಮನೆಯ ಬಾಗಿಲುಗಳನ್ನೆಲ್ಲ ಒಮ್ಮೆ ನೋಡಿಬನ್ನಿ. ಎಸ್‌ಪಿಸಿ ಮತ್ತು ಫೋಮ್ ಸೇರಿ ನೆಲ ಐದೂವರೆಯಿಂದ ಏಳೂವರೆ ಮಿಲಿಮೀಟರ್ ಏರಿದರೆ ಬಾಗಿಲಿನ ಅಡಿಯಲ್ಲಿ ಅಷ್ಟು ಜಾಗ ಇದೆಯಾ? ಇಲ್ಲದಿದ್ದರೆ ಬಡಗಿಯ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ. ಹೊಸ ಹಾಸು ಮುಗಿದು ಹಳೇ ಟೈಲ್ಸ್ ಶುರುವಾಗುವಲ್ಲಿ ಇಳಿಜಾರಿನ ಪಟ್ಟಿ ಹಾಕಿಸಲೇಬೇಕು. ಅದರ ಬಣ್ಣ ಎರಡೂ ನೆಲಕ್ಕಿಂತ ಬೇರೆಯಾಗಿ ಎದ್ದು ಕಾಣಲಿ. ಕಣ್ಣು ಮಂಜಾದವರಿಗೆ ಕಾಲು ಎತ್ತಬೇಕಾದ ಜಾಗ ಅದರಿಂದಲೇ ಗೊತ್ತಾಗುವುದು. ಡಿಸೈನ್‌ಗೆ ಹೊಂದಲ್ಲ ಅಂತ ಯಾರಾದರೂ ಅಂದರೆ ಕಿವಿಗೊಡಬೇಡಿ.

ಕೊಳ್ಳುವ ಮೊದಲು ಒಂದಡಿಯ ತುಂಡನ್ನು ಮನೆಗೆ ತನ್ನಿ. ಅಡಿಯಲ್ಲಿ ಒದ್ದೆ ಬಟ್ಟೆ ಹಾಕಿ ಅಲುಗದಂತೆ ಕೂರಿಸಿ. ಮೇಲೆ ನೀರು ಹಾಕಿ ಪಾದ ಉಜ್ಜಿ ನೋಡಿ, ಆಮೇಲೆ ಸೋಪಿನ ನೀರು, ಆಮೇಲೆ ಒಂದು ಹನಿ ಅಡುಗೆ ಎಣ್ಣೆ. ಒಂದು ಚಿಟಿಕೆ ಅರಿಶಿನ ಹಾಕಿ ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿ. ತುಂಡು ಕೊಡುವುದಿಲ್ಲ ಎನ್ನುವ ಅಂಗಡಿ ಇದ್ದರೆ ಪಕ್ಕದ ಅಂಗಡಿಗೆ ಹೋಗಿ.